ಕೆಂಗಲ್ ಜಾತ್ರೆಯ ಹಳ್ಳಿಕಾರ್: ತಳಿಯ ಮೂಲ, ಕಸುಬು, ಓಟ

ಬೆಂಗಳೂರಿನಿಂದ ಮೈಸೂರಿಗೆ ಹಳೆಯ ರಸ್ತೆಯಲ್ಲಿ ಹೊರಟರೆ ರಾಮನಗರ ದಾಟಿದ ಮೇಲೆ, ಚನ್ನಪಟ್ಟಣಕ್ಕೆ ಮುಂಚೆ ಕೆಂಗಲ್ ಸಿಗುತ್ತದೆ. ಆಂಜನೇಯಸ್ವಾಮಿ ದೇವಸ್ಥಾನಕ್ಕೆ ಹೆಸರಾದ ಊರು. ವಿಧಾನಸೌಧ ಕಟ್ಟಿಸಿದ ಮುಖ್ಯಮಂತ್ರಿ ಹನುಮಂತಯ್ಯನವರ ಹೆಸರಿಗೆ ಅಂಟಿಕೊಂಡಿರುವುದೂ ಇದೇ ಕೆಂಗಲ್. ಸಂಕ್ರಾಂತಿಯ ಹೊತ್ತಿಗೆ ಇಲ್ಲಿ ಅಯ್ಯನಗುಡಿ ದನಗಳ ಜಾತ್ರೆ ಸೇರುತ್ತದೆ. ದೇವರ ತೇರಿಗೆ ಬರುವವರಷ್ಟೇ ಆಸೆಯಿಂದ ರೈತರು ಹೋರಿ ನೋಡಲು, ಕೊಳ್ಳಲು, ಮಾರಲು ಬರುತ್ತಾರೆ. ಈ ಜಾತ್ರೆಯ ಜೀವವೇ ಹಳ್ಳಿಕಾರ್ ತಳಿ.

ಗುರುತು ಹಿಡಿಯುವುದು ಹೇಗೆ

ಹಳ್ಳಿಕಾರ್ ಮೈಬಣ್ಣ ಬೂದು. ಹೋರಿಗಳಲ್ಲಿ ಭುಜ ಮತ್ತು ತೊಡೆಯ ಕಡೆಗೆ ಬಣ್ಣ ಗಾಢವಾಗುತ್ತ ಹೋಗುತ್ತದೆ. ಮುಖ, ಗಂಗೆದೊಗಲಿನ ಮೇಲೆ ಅಲ್ಲಲ್ಲಿ ತಿಳಿ ಮಚ್ಚೆಗಳಿರುವುದುಂಟು. ಉದ್ದ ಮುಖ, ಉಬ್ಬಿದ ಹಣೆ, ಹಣೆಯ ನಡುವೆ ಸಣ್ಣ ತಗ್ಗು. ನೆತ್ತಿಯ ಮೇಲೆ ಒಂದಕ್ಕೊಂದು ಹತ್ತಿರವಾಗಿ ಹುಟ್ಟುವ ಕೊಂಬುಗಳು ಮೊದಲು ಹಿಂದಕ್ಕೆ ಸಾಗಿ, ಆಮೇಲೆ ಮುಂದಕ್ಕೆ ಬಾಗಿ ಚೂಪಾಗುತ್ತವೆ. ಕಾಲು ಸಪೂರ, ಗೊರಸು ಕಪ್ಪು ಮತ್ತು ಗಟ್ಟಿ. ಕಲ್ಲುನೆಲದ ಮಾಗಡಿ, ರಾಮನಗರದ ಹೊಲಗಳಲ್ಲಿ ದಿನವಿಡೀ ನಡೆಯಬೇಕಾದ ಪ್ರಾಣಿಗೆ ಈ ಗೊರಸೇ ದೊಡ್ಡ ಆಸ್ತಿ.

ಹಾಲಿನ ಲೆಕ್ಕಕ್ಕೆ ಬಂದರೆ ಹಳ್ಳಿಕಾರ್ ಹಸು ಹಿಂದೆ ಬೀಳುತ್ತದೆ. ಒಂದು ಸೂಲಿಗೆ ಸರಾಸರಿ 500 ಲೀಟರಿನ ಆಸುಪಾಸು, ಅಷ್ಟೇ. ಡೇರಿಗೆ ಹಾಲು ಹಾಕಿ ಸಂಸಾರ ನಡೆಸುವ ಮನೆಗೆ ಇದು ಸಾಲದು. ಆದರೆ ಈ ಹಸುವನ್ನು ಸಾಕುತ್ತ ಬಂದದ್ದು ಹಾಲಿಗಾಗಿ ಅಲ್ಲ, ಅದರ ಹೊಟ್ಟೆಯಲ್ಲಿ ಹುಟ್ಟುವ ಗಂಡುಕರುವಿಗಾಗಿ. ಇದನ್ನು ಮರೆತು ಹಾಲಿನ ಅಳತೆಯಿಂದ ಮಾತ್ರ ಹಳ್ಳಿಕಾರನ್ನು ಅಳೆಯುವುದು ಅನ್ಯಾಯ.

ಬೆಣ್ಣೆ ಚಾವಡಿಯಿಂದ ಅಮೃತ ಮಹಲ್‌ವರೆಗೆ

ತಳಿಗೆ ಹೆಸರು ಬಂದಿರುವುದು ತಲೆತಲಾಂತರದಿಂದ ದನ ಸಾಕಿಕೊಂಡು ಬಂದ ಹಳ್ಳಿಕಾರ ಸಮುದಾಯದಿಂದ. ಹಳೆ ಮೈಸೂರು ಸೀಮೆಯ ತುಮಕೂರು, ಹಾಸನ, ಮಂಡ್ಯ, ಮೈಸೂರು, ಬೆಂಗಳೂರು, ರಾಮನಗರ ಇದರ ನೆಲೆ.

ಚಿಕ್ಕದೇವರಾಜ ಒಡೆಯರ ಕಾಲದಲ್ಲಿ (1673–1704) ಅರಮನೆಯ ದನಗಳ ಉಸ್ತುವಾರಿಗೆ ಬೆಣ್ಣೆ ಚಾವಡಿ ಎಂಬ ಇಲಾಖೆ ಇತ್ತು. ಮುಂದೆ ಹೈದರ್ ಅಲಿ ಪಾಳೆಯಗಾರರ ಸೀಮೆಗಳನ್ನು ಗೆದ್ದಾಗ ಅವರ ದನದ ಹಿಂಡುಗಳೂ ಮೈಸೂರಿಗೆ ಸೇರಿದವು. ಹಳ್ಳಿಕಾರ್, ಹಾಗಲವಾಡಿ, ಚಿತ್ರದುರ್ಗದ ದನಗಳು ಕಲೆತು ಒಂದು ದೊಡ್ಡ ಸೇನಾ ಹಿಂಡು ತಯಾರಾಯಿತು. ಟಿಪ್ಪು ಸುಲ್ತಾನ್ ಈ ಇಲಾಖೆಗೆ ಅಮೃತ ಮಹಲ್ ಎಂದು ಹೆಸರಿಟ್ಟ. ಹೆಸರಿನಲ್ಲಿ ಹಾಲು, ಬೆಣ್ಣೆ, ಅಮೃತ ಇದ್ದರೂ ಅದರ ನಿಜವಾದ ಕೆಲಸ ತೋಪು ಎಳೆಯುವುದು, ದಂಡಿನ ಸಾಮಾನು ಸಾಗಿಸುವುದು. ಚಿದಂಬರದ ನೆರವಿಗೆಂದು ಹೈದರನ ಸೈನ್ಯ ಎರಡೂವರೆ ದಿನದಲ್ಲಿ ನೂರು ಮೈಲಿ ನಡೆದದ್ದು ಈ ಎತ್ತುಗಳ ಬಲದಿಂದ ಎಂದು ಹಳೆಯ ಮೈಸೂರು ಗೆಜೆಟಿಯರುಗಳು ಬರೆದಿಟ್ಟಿವೆ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಹಿಂಡು ಬ್ರಿಟಿಷರ ಕೈ ಸೇರಿತು. 1860ರಲ್ಲಿ ಅವರು ಖರ್ಚು ಉಳಿಸಲು ಹಿಂಡನ್ನೇ ಮಾರಿಬಿಟ್ಟರು. ಸೇನೆಗೆ ತಕ್ಕ ಎತ್ತು ಬೇರೆಲ್ಲೂ ಸಿಗದಾದಾಗ 1866ರಲ್ಲಿ ಮತ್ತೆ ಕಟ್ಟಿದರು. ಹಿಂಡು ಕಟ್ಟಲು ತಲೆಮಾರುಗಳೇ ಬೇಕು, ಕಳೆಯಲು ಒಂದು ಆದೇಶ ಸಾಕು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನಮ್ಮ ಸೀಮೆಯ ಚರಿತ್ರೆಯಲ್ಲಿ ನನಗೆ ಕಂಡಿಲ್ಲ. ಅಮೃತ ಮಹಲ್ ಇಂದು ಬೇರೆಯೇ ತಳಿಯಾಗಿ ಅಜ್ಜಂಪುರದ ಕೇಂದ್ರದಲ್ಲಿದೆ. ಹಳ್ಳಿಕಾರ್ ಮಾತ್ರ ರೈತರ ಕೊಟ್ಟಿಗೆಯಲ್ಲೇ ಉಳಿಯಿತು.

ಜಾತ್ರೆಯ ವ್ಯಾಪಾರ

ಎತ್ತು ಹುಟ್ಟುವ ಮನೆ ಒಂದು, ಬೆಳೆಯುವ ಮನೆ ಇನ್ನೊಂದು, ದುಡಿಯುವ ಮನೆ ಮತ್ತೊಂದು. ಒಬ್ಬ ರೈತ ಕರು ಮಾರುತ್ತಾನೆ. ಇನ್ನೊಬ್ಬ ಅದಕ್ಕೆ ಸರಿಜೋಡಿ ಹುಡುಕಿ, ಒಂದೆರಡು ವರ್ಷ ರಾಗಿಹುಲ್ಲು, ಹುರುಳಿ, ಹಿಂಡಿ, ಬೂಸಾ ಹಾಕಿ ಸಾಕಿ, ಗಾಡಿಗೂ ನೇಗಿಲಿಗೂ ಪಳಗಿಸಿ ಲಾಭಕ್ಕೆ ಮಾರುತ್ತಾನೆ. ಈ ಮನೆಗಳನ್ನು ಬೆಸೆಯುವುದು ಜಾತ್ರೆ. ಕೆಂಗಲ್ ಆದಮೇಲೆ ಬೇಸಿಗೆಯಲ್ಲಿ ಮಾಗಡಿ ರಂಗನಾಥಸ್ವಾಮಿ ಜಾತ್ರೆ ಇದೆ. ಕೆಂಗಲ್‌ಗೂ ಮುಂಚೆ ಡಿಸೆಂಬರಿನಲ್ಲಿ ಘಾಟಿ ಸುಬ್ರಹ್ಮಣ್ಯ. ಒಂದರಲ್ಲಿ ಬೆಲೆ ಕುದುರದ ಜೊತೆ ಮುಂದಿನದಕ್ಕೆ ನಡೆಯುತ್ತದೆ.

ಕೊಳ್ಳುವವನು ಮೊದಲು ಬಾಯಿ ಬಿಡಿಸುತ್ತಾನೆ. ದನಕ್ಕೆ ಮೇಲ್ದವಡೆಯಲ್ಲಿ ಮುಂಬಲ್ಲು ಇಲ್ಲ. ವಯಸ್ಸು ತಿಳಿಯುವುದು ಕೆಳದವಡೆಯ ಎಂಟು ಹಲ್ಲಿನಿಂದ. ಹಾಲುಹಲ್ಲು ಬಿದ್ದು ಎರಡು ದೊಡ್ಡ ಹಲ್ಲು ಬಂದಿದ್ದರೆ ಎರಡು, ಎರಡೂವರೆ ವರ್ಷ. ಎಂಟೂ ಬಂದು ಬಾಯಿಗೂಡಿದ್ದರೆ ನಾಲ್ಕು ದಾಟಿತು. ಆಮೇಲೆ ಮೈಮೇಲಿನ ಸುಳಿ ನೋಡುತ್ತಾನೆ. ಎಷ್ಟೇ ಚೆಂದದ ಹೋರಿಯಾದರೂ ಕೆಟ್ಟ ಸುಳಿ ಇದ್ದರೆ ಬೆಲೆ ಇಳಿಯುತ್ತದೆ. ಕೊನೆಗೆ ನಾಲ್ಕು ಹೆಜ್ಜೆ ನಡೆಸುತ್ತಾನೆ. ಹಿಂಗಾಲು ಮುಂಗಾಲಿನ ಹೆಜ್ಜೆಯ ಮೇಲೋ ಅದನ್ನು ದಾಟಿಯೋ ಬಿದ್ದರೆ ನಡಿಗೆ ಚುರುಕು ಎಂದರ್ಥ. ದಲ್ಲಾಳಿಯೂ ಮಾಲೀಕನೂ ಟವೆಲ್ ಕೆಳಗೆ ಕೈ ಹಿಡಿದು ಬೆರಳಲ್ಲೇ ದರ ಮಾತಾಡುವ ಪದ್ಧತಿ ದನದ ಜಾತ್ರೆಗಳಲ್ಲಿ ಹಿಂದಿನಿಂದ ಬಂದದ್ದು. ಸುತ್ತ ನಿಂತವರಿಗೆ ಕಾಣುವುದು ಟವೆಲ್ಲಿನ ಅಲುಗಾಟ ಮಾತ್ರ.

ಹೆಸರು ಮಾಡಿದ ಜೊತೆಗಳಿಗೆ ಚಪ್ಪರ, ವಾದ್ಯ, ಮೆರವಣಿಗೆ. ಕೊಂಬು ಹೆರೆದು ಎಣ್ಣೆ ಸವರಿ, ಗೆಜ್ಜೆ ಕಟ್ಟಿ, ಕಾಲಡಿಗೆ ಹುಲ್ಲು ಹಾಸಿರುತ್ತಾರೆ. ಇದನ್ನು ಬರೀ ಶೋಕಿ ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಟಿಲ್ಲರು, ಟ್ರ್ಯಾಕ್ಟರು ಬಂದ ಮೇಲೂ ಒಳ್ಳೆಯ ಬೀಜದ ಹೋರಿ ಉಳಿದಿರುವುದು ಈ ಶೋಕಿಯಿಂದಲೇ.

ಓಟದ ಕಣ

ಹೊಲದ ಕೆಲಸ ಕಡಿಮೆಯಾದಂತೆ ಎತ್ತಿನಗಾಡಿ ಓಟಕ್ಕೆ ಬೆಲೆ ಬಂತು. ರಾಮನಗರ, ಮಂಡ್ಯದ ಕಡೆ ಓಟದಲ್ಲಿ ಗೆದ್ದ ಜೊತೆಯ ದರ ಉಳುವ ಜೊತೆಗಿಂತ ಎಷ್ಟೋ ಮೇಲೆ. 2014ರ ಮೇ 7ರಂದು ಸುಪ್ರೀಂ ಕೋರ್ಟ್ ಜಲ್ಲಿಕಟ್ಟು ಪ್ರಕರಣದಲ್ಲಿ ಕೊಟ್ಟ ತೀರ್ಪು ಇಂಥ ಓಟಗಳಿಗೂ ತಡೆಯಾಯಿತು. ಕರ್ನಾಟಕ 2017ರಲ್ಲಿ ಪ್ರಾಣಿಹಿಂಸೆ ತಡೆ ಕಾಯ್ದೆಗೆ ತಿದ್ದುಪಡಿ ತಂದು ಕಂಬಳಕ್ಕೂ ಎತ್ತಿನಗಾಡಿ ಓಟಕ್ಕೂ ಅವಕಾಶ ಮಾಡಿಕೊಟ್ಟಿತು. 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಓಟ ಉಳಿಯಬೇಕು ಎನ್ನುವವರೇ ಬಾರುಕೋಲಿನ ಮೊಳೆ, ಬಾಲ ಕಚ್ಚುವುದು, ಹೆಂಡ ಕುಡಿಸುವುದನ್ನು ಮೊದಲು ತಡೆಯಬೇಕು. ನೋವಿನಿಂದ ಓಡಿದ ಹೋರಿ ತನ್ನ ತಳಿಯ ಗುಣವನ್ನು ತೋರಿಸುವುದಿಲ್ಲ.

ಜರ್ಮನಿಯ ಕುದುರೆ ದಾಟಿದ ಹಾದಿ

ಕಸುಬು ಹೋದ ಮೇಲೂ ತಳಿ ಬದುಕಬಹುದೇ? ಯುರೋಪಿನ ವಾರ್ಮ್‌ಬ್ಲಡ್ ಕುದುರೆಗಳ ಕತೆ ಇಲ್ಲಿ ನೆರವಿಗೆ ಬರುತ್ತದೆ. ಭಾರ ಎಳೆಯುವ ದಪ್ಪ ಕುದುರೆಗೂ ರೇಸಿನ ತೆಳು ಕುದುರೆಗೂ ನಡುವಿನ ಬಳಗ ಅದು. ಅದರಲ್ಲಿ ಪ್ರಸಿದ್ಧವಾದ ಹ್ಯಾನೋವೇರಿಯನ್ ತಳಿಗೆ ಬುನಾದಿ 1735ರಲ್ಲಿ ಸೆಲ್ಲೆ ಪಟ್ಟಣದಲ್ಲಿ ಎರಡನೇ ಜಾರ್ಜ್ ದೊರೆ ಸ್ಥಾಪಿಸಿದ ಗಂಡುಕುದುರೆ ಲಾಯ. ಉಳುಮೆ, ಸಾರೋಟು, ಸೈನ್ಯ ಇದರ ಕಸುಬು. ಎರಡನೇ ಮಹಾಯುದ್ಧದ ನಂತರ ಮೂರೂ ಕೈಬಿಟ್ಟವು. ಆಗ ಸಾಕುವವರು ಥರೋಬ್ರೆಡ್ ರಕ್ತ ಸೇರಿಸಿ, ಮೈ ಹಗುರ ಮಾಡಿ, ಜಿಗಿತ ಮತ್ತು ಡ್ರೆಸಾಜ್ ಎಂಬ ಕವಾಯತಿಗೆ ಹೊಂದಿಸಿದರು. ಇಂದು ಒಲಿಂಪಿಕ್ಸಿನ ಕುದುರೆ ಸವಾರಿಯಲ್ಲಿ ಕಾಣುವುದು ಹೆಚ್ಚಾಗಿ ಇಂಥ ತಳಿಗಳೇ. 2018ರ ಏಷ್ಯನ್ ಕ್ರೀಡಾಕೂಟದಲ್ಲಿ ಬೆಂಗಳೂರಿನ ಫವಾದ್ ಮಿರ್ಜಾ ಬೆಳ್ಳಿ ಗೆದ್ದದ್ದು ಇದೇ ಕುದುರೆ ಸವಾರಿಯ ಮೂರು ಹಂತದ ಸ್ಪರ್ಧೆಯಲ್ಲಿ.

ಆ ಬದಲಾವಣೆ ಸಾಧ್ಯವಾದದ್ದು ದಾಖಲೆಯಿಂದ. ಹ್ಯಾನೋವೇರಿಯನ್ ಕುದುರೆಗಳ ವಂಶಾವಳಿ ಪುಸ್ತಕ 1888ರಿಂದ ಇದೆ. ಗಂಡುಕುದುರೆ ಪರೀಕ್ಷೆಯಲ್ಲಿ ಗೆಲ್ಲದೆ ಬೀಜಕ್ಕೆ ನಿಲ್ಲುವಂತಿಲ್ಲ. ನಮ್ಮಲ್ಲಿ ಹಳ್ಳಿಕಾರ್ ರಾಷ್ಟ್ರೀಯ ತಳಿಪಟ್ಟಿಯಲ್ಲಿ ನೋಂದಣಿಯಾಗಿದೆ, 2000ದಲ್ಲಿ ಅಂಚೆ ಚೀಟಿಯ ಮೇಲೂ ಬಂದಿದೆ. ಆದರೆ ಒಂದು ಹೋರಿಯ ಅಪ್ಪ ಯಾರು, ತಾಯಿ ಯಾವ ಮನೆಯದು ಎಂಬುದು ಬಹುಮಟ್ಟಿಗೆ ಸಾಕಿದವರ ನೆನಪಿನಲ್ಲೇ ಇದೆ. ಕೆಂಗಲ್‌ನಂಥ ಜಾತ್ರೆಗೆ ಬೀಜದ ಹೋರಿಗಳು ತಾವಾಗಿಯೇ ಬಂದು ನಿಲ್ಲುತ್ತವೆ. ಅಲ್ಲೇ ಒಂದು ಮೇಜು ಹಾಕಿ, ಕಿವಿಯೋಲೆ ಸಂಖ್ಯೆ, ಹುಟ್ಟಿದ ಊರು, ತಾಯಿತಂದೆ, ಅಳತೆ, ನಡಿಗೆ ಇಷ್ಟನ್ನು ವರ್ಷವರ್ಷವೂ ಬರೆದುಕೊಂಡರೆ ಹಳ್ಳಿಕಾರಿಗೂ ಒಂದು ವಂಶಾವಳಿ ಪುಸ್ತಕ ಶುರುವಾಗುತ್ತದೆ.