ಬೇರೇನನ್ನೋ ಹುಡುಕುವಾಗ ಸಿಕ್ಕ ಮೊಲ: ನೆಸೊಲಾಗಸ್ ಕುಲದ ಶೋಧದ ಚರಿತ್ರೆ

ಇಂಡೋನೇಷ್ಯಾದ ಭಾಷೆಯಲ್ಲಿ ಮೊಲಕ್ಕೆ ‘ಕೆಲಿಂಚಿ’ ಎನ್ನುತ್ತಾರೆ. ಅದು ಆ ನೆಲದ ಮಾತಲ್ಲ. ಪುಟ್ಟ ಮೊಲ ಎಂಬರ್ಥದ ಡಚ್ ಪದವೊಂದು ಸ್ಥಳೀಯರ ನಾಲಿಗೆಯಲ್ಲಿ ತಿರುಚಿಕೊಂಡು ಆದದ್ದು. ಆದರೆ ಸುಮಾತ್ರದ ಬಾರಿಸಾನ್ ಬೆಟ್ಟಸಾಲಿನ ದಟ್ಟ ಕಾಡಿನಲ್ಲಿ ಡಚ್ಚರು ಬರುವುದಕ್ಕೆ ಎಷ್ಟೋ ಮೊದಲಿನಿಂದ ಪಟ್ಟೆಮೊಲ ಬದುಕಿತ್ತು. ಅದಕ್ಕೆ ಊರವರಲ್ಲಿ ಹೆಸರೇ ಇರಲಿಲ್ಲವೆಂದು ಪ್ರಾಣಿಶಾಸ್ತ್ರದ ಬರಹಗಳು ಒಂದನ್ನೊಂದು ಅನುಸರಿಸಿ ಹೇಳುತ್ತವೆ. ಅಪರೂಪದ್ದು, ರಾತ್ರಿ ಮಾತ್ರ ಹೊರಬರುವಂಥದ್ದು, ಹಾಗಾಗಿ ಹೆಸರಿಲ್ಲ ಎಂಬುದು ಕೊಡುವ ಕಾರಣ. ಇರಬಹುದು. ಯಾರನ್ನು ಕೇಳಿದರು, ಯಾವ ಭಾಷೆಯಲ್ಲಿ ಕೇಳಿದರು ಎಂಬ ಸಂಶಯ ಮಾತ್ರ ನನಗೆ ಉಳಿದಿದೆ.

ಲಿಖಿತ ಚರಿತ್ರೆ 1880ರಲ್ಲಿ ಶುರುವಾಗುತ್ತದೆ. ಲೈಡನ್ ವಸ್ತುಸಂಗ್ರಹಾಲಯದ ಹೆರ್ಮಾನ್ ಶ್ಲೆಗೆಲ್ ಈ ಮೊಲವನ್ನು ವರ್ಣಿಸಿ, ನೆಟ್ಷರ್ ಎಂಬ ಡಚ್ ವಸಾಹತು ಅಧಿಕಾರಿಯ ಹೆಸರನ್ನು ಅದಕ್ಕೆ ಅಂಟಿಸಿದರು. ಅವರು ಇದನ್ನು ಸೇರಿಸಿದ್ದು ಲೆಪಸ್ ಕುಲಕ್ಕೆ, ಅಂದರೆ ನಮ್ಮ ಹೊಲದ ಬದುಗಳಲ್ಲಿ ಚಂಗನೆ ನೆಗೆಯುವ ಮೊಲದ ಕುಲಕ್ಕೆ. ಇಂಗ್ಲಿಷಿನ ಹೇರ್, ರ್ಯಾಬಿಟ್ ಎರಡಕ್ಕೂ ಕನ್ನಡದಲ್ಲಿ ಮೊಲ ಎಂದೇ ಹೇಳುತ್ತೇವಾದ್ದರಿಂದ ಈ ತಪ್ಪಿನ ತೂಕ ನಮಗೆ ತಟ್ಟನೆ ತಿಳಿಯುವುದಿಲ್ಲ. ಹೊಲದ ಮೊಲದ ಮರಿ ಕಣ್ಣುಬಿಟ್ಟುಕೊಂಡೇ ಹುಟ್ಟುತ್ತದೆ, ಮೈತುಂಬ ರೋಮವಿರುತ್ತದೆ. ಪಟ್ಟೆಮೊಲದ ವಂಶವೇ ಬೇರೆ. 1899ರಲ್ಲಿ ಪ್ರಾಣಿಶಾಸ್ತ್ರಜ್ಞ ಫೋರ್ಸಿತ್ ಮೇಜರ್ ಇದಕ್ಕೆಂದೇ ನೆಸೊಲಾಗಸ್ ಎಂಬ ಕುಲ ಸ್ಥಾಪಿಸಿದರು. ಗ್ರೀಕಿನಲ್ಲಿ ಅದರ ಅರ್ಥ ‘ದ್ವೀಪದ ಮೊಲ’.

ಸಂಗ್ರಹಾಲಯದ ಚರ್ಮದಲ್ಲೂ ಇದರ ಚಹರೆ ಮರೆಯುವಂಥದ್ದಲ್ಲ. ಮಣ್ಣುಬೂದಿ ಬಣ್ಣದ ಮೈ. ಮೂತಿಯಿಂದ ಕಣ್ಣನ್ನು ಹಾದುಹೋಗುವ ಕಪ್ಪುಗಂದು ಪಟ್ಟೆ, ಬೆನ್ನಿನ ನಡುವೆ ಇನ್ನೊಂದು. ಹಿಂಭಾಗಕ್ಕೆ ತುಕ್ಕಿನ ಕೆಂಪು. ಕಿವಿ ಮೊಲಕ್ಕೆ ಒಪ್ಪದಷ್ಟು ಗಿಡ್ಡ. ಬಾಲವೂ ಅಷ್ಟೆ, ರೋಮದೊಳಗೆ ಹುದುಗಿಹೋಗುತ್ತದೆ. ಇಂಥ ಮಾದರಿಗಳು ಕೈಸೇರಿದ್ದು ಒಂದು ಡಜನ್ ಚಿಲ್ಲರೆ, ಅದೂ 1929ರೊಳಗೆ. ಆಮೇಲೆ ಬಾರಿಸಾನ್ ಇಳಿಜಾರುಗಳಲ್ಲಿ ಟೀ, ಕಾಫಿ ತೋಟಗಳು ಕಾಡನ್ನು ಮೇಲಕ್ಕೆ ಒತ್ತುತ್ತ ಹೋದವು, ಮೊಲ ದಾಖಲೆಗಳಿಂದ ಮರೆಯಾಯಿತು. 1972ರಲ್ಲಿ ಉತ್ತರದ ಗುನುಂಗ್ ಲ್ಯೂಸರ್‌ನಲ್ಲಿ ಒಮ್ಮೆ ಕಂಡದ್ದು ಬಿಟ್ಟರೆ ದೀರ್ಘ ಮೌನ.

ಮುಂದಿನ ಅಧ್ಯಾಯ ಸುಮಾತ್ರದ್ದಲ್ಲ, ಸಂತೆಯದ್ದು. 1990ರ ದಶಕದ ನಡುವೆ ಲಾವೋಸಿನ ಬಾನ್ ಲಾಕ್ ಎಂಬಲ್ಲಿ ರಾಬರ್ಟ್ ಟಿಮ್ಮಿನ್ಸ್ ಎಂಬ ಜೀವಶಾಸ್ತ್ರಜ್ಞರಿಗೆ, ಮಾಂಸಕ್ಕೆಂದು ಮಾರಲು ಇಟ್ಟಿದ್ದ ಆಗತಾನೆ ಕೊಂದ ಮೊಲಗಳು ಕಾಣಿಸಿದವು. ಮೈಮೇಲೆ ಅದೇ ಪಟ್ಟೆ. ಬೇಟೆಗಾರರು ಅವನ್ನು ತಂದದ್ದು ಪಕ್ಕದ ಅನ್ನಾಮೈಟ್ ಬೆಟ್ಟಗಳಿಂದ. ವಿಯೆಟ್ನಾಮಿನ ಬೇಟೆಗಾರರ ಮನೆಯ ಕೊಂಬುಗಳಿಂದ 1992ರಲ್ಲಿ ಸಾವೊಲ ಎಂಬ ಪ್ರಾಣಿ ಜಗತ್ತಿಗೆ ಗೊತ್ತಾದದ್ದೂ ಇದೇ ಬೆಟ್ಟಸಾಲಿನಲ್ಲಿ. 1999ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ಡಿಎನ್‌ಎ ಹೋಲಿಕೆ, ಎರಡು ಕಡೆಯ ಮೊಲಗಳು ಸುಮಾರು 80 ಲಕ್ಷ ವರ್ಷಗಳ ಹಿಂದೆಯೇ ಬೇರಾಗಿವೆ ಎಂದಿತು. ನೋಟಕ್ಕೆ ಅವಳಿ, ವಂಶದಲ್ಲಿ ಅಷ್ಟು ದೂರ. ಮರುವರ್ಷ ರಷ್ಯನ್ ಪ್ರಾಣಿಶಾಸ್ತ್ರಜ್ಞರು ಹೊಸ ಪ್ರಭೇದಕ್ಕೆ ನೆಸೊಲಾಗಸ್ ಟಿಮ್ಮಿನ್ಸಿ ಎಂದು ಹೆಸರಿಟ್ಟರು. ದ್ವೀಪದ ಮೊಲ ಎಂಬ ಕುಲನಾಮ ಹೊತ್ತು ಭೂಖಂಡದ ಬೆಟ್ಟದಲ್ಲಿ ವಾಸ! ನಾಮಕರಣದ ನಿಯಮಗಳು ಇಂಥ ವ್ಯಂಗ್ಯವನ್ನು ತಿದ್ದಲು ಬಿಡುವುದಿಲ್ಲ.

ಸುಮಾತ್ರದ ಮೊಲವನ್ನು ಮರಳಿ ತೋರಿಸಿದ್ದು, ಪ್ರಾಣಿ ಹಾದಾಗ ತಾನೇ ಚಿತ್ರ ತೆಗೆಯುವ ಕ್ಯಾಮೆರಾ ಟ್ರ್ಯಾಪ್: 1998ರಲ್ಲಿ ಕೆರಿಂಚಿ ಸೆಬ್ಲಾಟ್ ರಾಷ್ಟ್ರೀಯ ಉದ್ಯಾನದಲ್ಲಿ ಜೆರೆಮಿ ಹೋಲ್ಡನ್ ಅವರ ಚಿತ್ರ, 2007ರಲ್ಲಿ ಬುಕಿಟ್ ಬಾರಿಸಾನ್ ಸೆಲಾಟನ್‌ನಲ್ಲಿ ಇನ್ನೊಂದು. ಇಲ್ಲಿ ಕರ್ನಾಟಕದ ಎಳೆಯೊಂದಿದೆ. ಕ್ಯಾಮೆರಾ ಟ್ರ್ಯಾಪ್ ಚಿತ್ರಗಳಿಂದ ಹುಲಿಗಳನ್ನು ಲೆಕ್ಕಹಾಕುವ ಕ್ರಮವನ್ನು ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ ಪ್ರಯೋಗಿಸಿ 1995ರಲ್ಲಿ ಪ್ರಕಟಿಸಿದರು. ಅದೇ ಕ್ರಮ ಮುಂದೆ ಬುಕಿಟ್ ಬಾರಿಸಾನ್‌ನ ಹುಲಿಗಳಿಗೂ ಹೋಯಿತು. 2012ರಲ್ಲಿ ‘ಓರಿಕ್ಸ್’ ಪತ್ರಿಕೆಗೆ ಈ ಮೊಲದ ಬಗ್ಗೆ ಬರೆದವರೂ ಕ್ಯಾಮೆರಾ ಕಟ್ಟಿದ್ದು ಕಾಡುಬೆಕ್ಕುಗಳಿಗಾಗಿ. ಮೊಲಕ್ಕೆಂದೇ ಹೊರಟವರಿಗಿಂತ ಬೇರೊಂದಕ್ಕೆ ಕಾದು ಕೂತವರೇ ಇದರ ಚರಿತ್ರೆಯನ್ನು ಹೆಚ್ಚು ಬರೆದಿದ್ದಾರೆ ಎಂಬುದು ಈ ಎಲ್ಲ ದಾಖಲೆಗಳನ್ನು ಓದಿದಾಗ ನನಗೆ ತೋರುವುದು.

ಇದರ ಸಾವೂ ಹಾಗೆಯೇ. ಅನ್ನಾಮೈಟ್ ಕಾಡುಗಳಲ್ಲಿ ಹಾಕುವುದು ಸೈಕಲ್, ಬೈಕಿನ ಬ್ರೇಕ್ ವೈರಿನ ಉರುಳು. ಮಲೆನಾಡಿನವರಿಗೆ ಅದನ್ನು ವಿವರಿಸಬೇಕಿಲ್ಲ. ಬಳುಕುವ ಗಳುವೊಂದನ್ನು ಬಗ್ಗಿಸಿ ಕಟ್ಟಿ, ನೆಲದ ಜಾಡಿನಲ್ಲಿ ಕುಣಿಕೆ ಇಡುತ್ತಾರೆ. ನಿರೀಕ್ಷೆ ಕಾಡುಹಂದಿಯದ್ದೋ ಕಾಡುಕುರಿಯದ್ದೋ. ತಂತಿಗೆ ಮಾತ್ರ ಕಾಲು ಯಾರದ್ದಾದರೇನು. 2011ರಿಂದ 2017ರವರೆಗೆ ವಿಯೆಟ್ನಾಮಿನ ಹುವೆ ಮತ್ತು ಕ್ವಾಂಗ್ ನಾಮ್ ಸಾವೊಲ ಮೀಸಲುಗಳಿಂದಷ್ಟೇ ಕಿತ್ತುಹಾಕಿದ ಉರುಳುಗಳು 1 ಲಕ್ಷಕ್ಕೂ ಹೆಚ್ಚು. ಅನ್ನಾಮೈಟ್ ಪಟ್ಟೆಮೊಲ ಈಗ ಅಳಿವಿನಂಚಿನ ಪಟ್ಟಿಯಲ್ಲಿದೆ.

ಸುಮಾತ್ರದಲ್ಲಿ 2021ರಲ್ಲಿ ಕೆರಿಂಚಿ ಸೆಬ್ಲಾಟ್ ಉದ್ಯಾನದ ಅಂಚಿನ ರೈತನೊಬ್ಬನಿಗೆ ಜೀವಂತ ಪಟ್ಟೆಮೊಲವೊಂದು ಸಿಕ್ಕು, ಅದು ಫೇಸ್‌ಬುಕ್‌ನಲ್ಲಿ ಮಾರಾಟಕ್ಕೆ ಬಂತು. ಉದ್ಯಾನದವರು ಅದನ್ನು ಬಿಡಿಸಿ ತಂದು ಮತ್ತೆ ಕಾಡಿಗೆ ಬಿಟ್ಟರು.