ಗಣಿ ಮುಚ್ಚಿದ ಮೇಲೆ

ನಿರುದ್ಯೋಗದ ಬಗೆಗಳನ್ನು ಹೆಸರಿಸಿರಿ ಎಂಬ ಪ್ರಶ್ನೆಗೆ ನೀವು ಪರೀಕ್ಷೆಯಲ್ಲಿ ಉತ್ತರ ಬರೆದೇ ಇರುತ್ತೀರಿ. ಋತುಮಾನದ್ದು, ಚಕ್ರೀಯ, ರಚನಾತ್ಮಕ, ಮರೆಮಾಚಿದ ನಿರುದ್ಯೋಗ ಎಂದು ಪಟ್ಟಿ ಒಪ್ಪಿಸಿದರೆ ಅಂಕ ಸಿಗುತ್ತದೆ. ವಿಜ್ಞಾನ ಓದಿ ದೂರದರ್ಶನಕ್ಕೆ ಬಂದ ನನಗೆ ಈ ಪಟ್ಟಿ ಬಹುಕಾಲ ಸಸ್ಯಗಳ ವರ್ಗೀಕರಣದಂತೆಯೇ ಕಂಡಿತ್ತು. ಆದರೆ ಇವು ಅಕ್ಕಪಕ್ಕದಲ್ಲೇ ಬಾಳಿದ ಒಂದು ಸೀಮೆ ನಮ್ಮಲ್ಲಿದೆ. ಅದು ಕೋಲಾರ.

ಕೋಲಾರದ ಒಕ್ಕಲುತನ ಕೆರೆಯನ್ನೂ ಮಳೆಯನ್ನೂ ನಂಬಿದ್ದು. ರಾಗಿ ಕೊಯ್ದು ಕಣ ಮುಗಿಸಿದ ಮೇಲೆ ಮುಂದಿನ ಮಳೆಯವರೆಗೆ ಕೂಲಿಯವನ ಕೈ ಬರಿದು. ಇದು ಋತುಮಾನದ ನಿರುದ್ಯೋಗ. ಮೂವರು ಮಾಡಬಹುದಾದ ಹೊಲದ ಕೆಲಸವನ್ನು ಮನೆಯ ಆರು ಮಂದಿ ಹಂಚಿಕೊಂಡರೆ ಆರೂ ಜನ ದುಡಿಯುತ್ತಿರುವಂತೆ ಕಾಣುತ್ತದೆ. ಮೂವರು ಬಿಟ್ಟುಹೋದರೂ ರಾಗಿ ಒಂದು ಸೇರು ಕಡಿಮೆಯಾಗದು. ನಿಮ್ಮ ಪಠ್ಯಪುಸ್ತಕ ಮರೆಮಾಚಿದ ನಿರುದ್ಯೋಗ ಎನ್ನುವುದು ಇದನ್ನೇ.

ಇದೇ ಸೀಮೆಯ ಒಂದು ಮೂಲೆಯಲ್ಲಿ 1880ರಲ್ಲಿ ಇಂಗ್ಲೆಂಡಿನ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಚಿನ್ನದ ಗಣಿಗಾರಿಕೆ ಕೈಗೊಂಡಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಅಲ್ಲಿಗೆ ಹರಿಯಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಸುಮಾರು 30 ಸಾವಿರ ಮಂದಿ ಅಲ್ಲಿ ದುಡಿಯುತ್ತಿದ್ದರು. ಉತ್ತರ ಆರ್ಕಾಟು, ಚಿತ್ತೂರುಗಳ ಕಡೆಯಿಂದ ಬಂದ ತಮಿಳು, ತೆಲುಗು ಮಾತಿನ ಕುಟುಂಬಗಳೇ ಹೆಚ್ಚು. ಹೊಲದಲ್ಲಿ ಕೆಲಸವಿಲ್ಲದವರಿಗೆ ನೆಲದಡಿಯಲ್ಲಿ ಕೆಲಸ ಸಿಕ್ಕಿತು.

1929ರಲ್ಲಿ ಮಹಾ ಆರ್ಥಿಕ ಕುಸಿತ ಶುರುವಾಯಿತು. ಕೊಳ್ಳುವವರಿಲ್ಲದೆ ದೇಶದೇಶಗಳ ಕಾರ್ಖಾನೆಗಳು ಮುಚ್ಚಿದವು. ಇದು ಚಕ್ರೀಯ ನಿರುದ್ಯೋಗ. ಆದರೆ ವಿಚಿತ್ರ ನೋಡಿ: 1931ರಲ್ಲಿ ಬ್ರಿಟನ್ ಸುವರ್ಣ ಪ್ರಮಾಣವನ್ನು ಕೈಬಿಟ್ಟಿತು. 1934ರಲ್ಲಿ ಅಮೆರಿಕ ಒಂದು ಔನ್ಸ್ ಚಿನ್ನದ ಬೆಲೆಯನ್ನು 20 ಡಾಲರ್ 67 ಸೆಂಟಿನಿಂದ 35 ಡಾಲರಿಗೆ ಏರಿಸಿತು. ಲೋಕದ ಕಷ್ಟಕಾಲವೇ ಚಿನ್ನದ ಗಣಿಗಳಿಗೆ ಸುಗ್ಗಿಯಾಯಿತು.

ಗಣಿಗೆ ಪೆಟ್ಟು ಬಿದ್ದದ್ದು ಪೇಟೆಯಿಂದಲ್ಲ, ಒಳಗಿನ ಬಂಡೆಯಿಂದ. ಆರಂಭದ ದಶಕದಲ್ಲಿ ಒಂದು ಟನ್ ಅದಿರಿಗೆ 40 ಗ್ರಾಂಗೂ ಮಿಕ್ಕಿ ಸಿಗುತ್ತಿದ್ದ ಚಿನ್ನ, ಕೊನೆಗೆ ಮೂರು ನಾಲ್ಕು ಗ್ರಾಮಿಗೆ ಇಳಿಯಿತು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗಿಂತ ಆಳಕ್ಕೆ ಹೋಗಿತ್ತು. ಅಲ್ಲಿ ಬಂಡೆಯ ಉಷ್ಣತೆ 60 ಡಿಗ್ರಿ ಸೆಲ್ಸಿಯಸ್ ದಾಟುತ್ತಿತ್ತು. ತಂಪುಗಾಳಿ ಇಳಿಸಬೇಕು, ನೀರು ಮೇಲೆತ್ತಬೇಕು. ಚಿನ್ನ ಕಡಿಮೆ, ಖರ್ಚು ಹೆಚ್ಚು. 1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ರಾಷ್ಟ್ರೀಕರಿಸಿತು, 1962ರಲ್ಲಿ ಅವು ಕೇಂದ್ರದ ಕೈಸೇರಿದವು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ ಹುಟ್ಟಿತು. 2001ರ ಫೆಬ್ರವರಿ 28ರಂದು ಬಾಗಿಲು ಮುಚ್ಚಿತು.

ಬೇಡಿಕೆ ಮರಳಿದರೆ ಚಕ್ರೀಯ ನಿರುದ್ಯೋಗ ಕರಗುತ್ತದೆ. ಇಲ್ಲಿ ಮರಳುವುದಕ್ಕೆ ಏನೂ ಇರಲಿಲ್ಲ. ಬಂಡೆ ಕೊರೆಯುವವನ, ಸುರಂಗಕ್ಕೆ ಮರದ ಆಧಾರ ಕಟ್ಟುವವನ, ಷಾಫ್ಟಿನಲ್ಲಿ ಪಂಜರ ಇಳಿಸಿ ಏರಿಸುವವನ ಕುಶಲತೆಯನ್ನು ಕೊಳ್ಳುವವರು ಸುತ್ತಮುತ್ತ ಯಾರಿದ್ದರು? ವಾಸದ ಮನೆಯೂ ಕಂಪನಿಯದೇ ಆದ್ದರಿಂದ ಊರು ಬಿಡುವುದೂ ಸುಲಭವಲ್ಲ. ಅದೇ ಕಾಲದಲ್ಲಿ, ನೂರು ಕಿಲೋಮೀಟರ್ ದೂರದ ಬೆಂಗಳೂರಿನಲ್ಲಿ ಕಂಪ್ಯೂಟರ್ ಕಂಪನಿಗಳು ಜನ ಬೇಕೆಂದು ಹುಡುಕುತ್ತಿದ್ದವು. ಕೆಲಸವೂ ಇದೆ, ಕೆಲಸ ಬೇಕಾದವರೂ ಇದ್ದಾರೆ, ಒಂದಕ್ಕೊಂದು ಕೂಡುವುದಿಲ್ಲ. ರಚನಾತ್ಮಕ ನಿರುದ್ಯೋಗವೆಂದರೆ ಇದು.

ಆಮೇಲೆ ಆ ಮನೆಗಳವರು ಸುಮ್ಮನೆ ಕೂರಲಿಲ್ಲ. ಸಾವಿರಾರು ಮಂದಿ ನಸುಕಿನ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೊರಟರು. ಕಾವಲುಗಾರರಾದರು, ಅಂಗಡಿ ಆಳುಗಳಾದರು. ಇಲ್ಲಿ ಪಠ್ಯಪುಸ್ತಕ ಬಿಟ್ಟಿರುವ ಒಂದು ಸಂಗತಿ ಹೇಳಬೇಕು. ಮರೆಮಾಚಿದ ನಿರುದ್ಯೋಗ ಎಂಬ ಮಾತನ್ನು 1936ರಲ್ಲಿ ಚಲಾವಣೆಗೆ ತಂದವರು ಕೇಂಬ್ರಿಡ್ಜಿನ ಅರ್ಥಶಾಸ್ತ್ರಜ್ಞೆ ಜೋನ್ ರಾಬಿನ್ಸನ್. ಅವರ ಮನಸ್ಸಿನಲ್ಲಿದ್ದುದು ನಮ್ಮ ರಾಗಿ ಹೊಲವಲ್ಲ; ಇದ್ದ ಕೆಲಸ ಕಳೆದುಕೊಂಡು, ಹೊಟ್ಟೆಪಾಡಿಗಾಗಿ ತಮ್ಮ ಶಕ್ತಿಗಿಂತ ಕೀಳಾದ ಕಸುಬು ಹಿಡಿದ ಕೆಲಸಗಾರರು. ಹೊಲಕ್ಕೆ ಆ ಮಾತು ಅಂಟಿಕೊಂಡದ್ದು ಅನಂತರ.

ನಮ್ಮ ದೇಶದ ಸಮೀಕ್ಷೆಗಳಲ್ಲಿ ವಾರದ ಲೆಕ್ಕವೊಂದಿದೆ. ಹಿಂದಿನ ಏಳು ದಿನಗಳಲ್ಲಿ ಯಾವುದಾದರೂ ಒಂದು ದಿನ ಒಂದು ಗಂಟೆ ದುಡಿದಿದ್ದರೂ ಆತ ಉದ್ಯೋಗಸ್ಥ. ಆ ಲೆಕ್ಕದಲ್ಲಿ, ಪಂಜರ ನಡೆಸುತ್ತಿದ್ದ ಕೈ ಬೆಂಗಳೂರಿನಲ್ಲಿ ಗೇಟು ತೆರೆಯುತ್ತಿದ್ದರೆ ಅದು ನಿರುದ್ಯೋಗವೇ ಅಲ್ಲ.