ಪಿಸಿಎಸ್‌ಕೆ9
ರಕ್ತದ ಎಲ್‌ಡಿಎಲ್ ಕೊಲೆಸ್ಟರಾಲ್ ಮಟ್ಟವನ್ನು ನಿಯಂತ್ರಿಸುವ ಪ್ರೋಟೀನುಗಳಲ್ಲೊಂದು. ಹೃದ್ರೋಗ ತಡೆಯ ಹೊಸ ಔಷಧಗಳ ಗುರಿ. ಯಕೃತ್ತಿನ ಜೀವಕೋಶಗಳ ಮೇಲಿನ ಗ್ರಾಹಕಗಳು ಎಲ್‌ಡಿಎಲ್ ಕಣಗಳನ್ನು ರಕ್ತದಿಂದ ಒಳಗೆಳೆದು, ಮತ್ತೆ ಹೊರಮೈಗೆ ಮರಳುತ್ತವೆ. ಪಿಸಿಎಸ್‌ಕೆ9 ಅಂಟಿಕೊಂಡ ಗ್ರಾಹಕ ಮರಳದೆ ನಾಶವಾಗುತ್ತದೆ; ಆಗ ಎಲ್‌ಡಿಎಲ್ ರಕ್ತದಲ್ಲೇ ಉಳಿಯುತ್ತದೆ. ಆನುವಂಶಿಕವಾಗಿ ಕೊಲೆಸ್ಟರಾಲ್ ಹೆಚ್ಚಿದ್ದ ಫ್ರೆಂಚ್ ಕುಟುಂಬಗಳಲ್ಲಿ ಈ ಪ್ರೋಟೀನಿನ ಜೀನಿನಲ್ಲಿ ಬದಲಾವಣೆ 2003ರಲ್ಲಿ ಪತ್ತೆಯಾಯಿತು. ಹೆಚ್ಚು ಕುತೂಹಲಕರವಾದದ್ದು ಇದರ ವಿಲೋಮ: ಜೀನಿನ ಒಂದು ಪ್ರತಿ ನಿಷ್ಕ್ರಿಯವಾಗಿದ್ದ ಆಫ್ರಿಕನ್-ಅಮೆರಿಕನ್ನರಲ್ಲಿ ಎಲ್‌ಡಿಎಲ್ ಶೇ 28ರಷ್ಟು, ಪರಿಧಮನಿ ಹೃದ್ರೋಗದ ಅಪಾಯ ಶೇ 88ರಷ್ಟು ಕಡಿಮೆ ಎಂದು ಜೊನಾಥನ್ ಕೋಹೆನ್, ಹೆಲೆನ್ ಹಾಬ್ಸ್ ಅವರ ತಂಡ 2006ರಲ್ಲಿ ತೋರಿಸಿತು. ಹುಟ್ಟಿನಿಂದಲೇ ಎಲ್‌ಡಿಎಲ್ ಕಡಿಮೆಯಿದ್ದರೆ ಸಿಗುವ ಲಾಭಕ್ಕೆ ಇಷ್ಟು ಬಲವಾದ ಸಾಕ್ಷ್ಯ ಅಪರೂಪ. ಈ ಪ್ರೋಟೀನನ್ನು ತಡೆಯುವ ಅಲಿರೋಕುಮ್ಯಾಬ್, ಎವೊಲೊಕುಮ್ಯಾಬ್ ಚುಚ್ಚುಮದ್ದುಗಳು 2015ರಲ್ಲಿ ಬಂದವು. ಅನಂತರದ ಇನ್‌ಕ್ಲಿಸಿರಾನ್, ಆರಂಭದ ಡೋಸುಗಳ ಬಳಿಕ ವರ್ಷಕ್ಕೆರಡು ಬಾರಿ ಸಾಕು. ಬೆಲೆ ಮಾತ್ರ ದುಬಾರಿ; ಸ್ಟ್ಯಾಟಿನ್ ಮಾತ್ರೆಗಳೇ ಇಂದಿಗೂ ಮೊದಲ ಆಯ್ಕೆ.